ಹಾಜರಿ ಕೂಗುವುದನ್ನು ನಿಲ್ಲಿಸಬೇಕೆ?

ಕಳೆದ ಭಾನುವಾರ ನಮ್ಮ ಓಟದ ಬಳಗದ ಸಭೆ ಸೇರಿತ್ತು. ಸಭೆಯೆಂದರೆ ದೊಡ್ಡದೇನಲ್ಲ, ಚಾಮುಂಡಿ ಬೆಟ್ಟದ ಪಾದದಲ್ಲಿ ಓಟ ಮುಗಿಸಿ, ಬೆವರು ಒರೆಸಿಕೊಂಡು, ಕಾಫಿ ಲೋಟ ಹಿಡಿದು ನಿಂತಲ್ಲೇ ಆಡುವ ಮಾತು. ಅಂದಿನ ವಿಷಯ ಒಂದೇ. 2021ರ ಮೇ ತಿಂಗಳಲ್ಲಿ ಆರಂಭಿಸಿದ ಬೆಳಗಿನ ಹಾಜರಿಯನ್ನು ಇನ್ನು ನಿಲ್ಲಿಸಬಹುದಲ್ಲವೆ ಎಂಬುದು. ಹೊಸದಾಗಿ ಸೇರಿದವರು ನಿಲ್ಲಿಸೋಣ ಎಂದರು. ನಾನು ಬೇಡವೆಂದೆ. ಏಕೆ ಬೇಡ ಎಂಬುದನ್ನು ಸರಿಯಾಗಿ ಹೇಳಲು ನನ್ನಿಂದ ಆಗಲಿಲ್ಲ. ನಲವತ್ತು ನಿಮಿಷದ ಪಾಠ ಮಾಡಿ ಅಭ್ಯಾಸವಾದವನಿಗೆ ಎರಡು ನಿಮಿಷದಲ್ಲಿ ಮಾತು ಮುಗಿಸುವುದು ಬರುವುದಿಲ್ಲ. ನಿರ್ಧಾರ ಮುಂದಿನ ಭಾನುವಾರಕ್ಕೆ ಹೋಯಿತು. ಅಷ್ಟರೊಳಗೆ ಇಲ್ಲಿ ನಿಧಾನವಾಗಿ ಬರೆದಿಡುತ್ತೇನೆ. ಬಳಗದಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೇ ಆರು ಮಂದಿ ಇದ್ದಾರೆ, ಅವರಾದರೂ ಓದಲಿ.

ಮೇಷ್ಟ್ರು ಓಡುತ್ತಾರೆಂದರೆ ನನ್ನ ತರಗತಿಯಲ್ಲಿ ಕುಳಿತವರು ನಕ್ಕಾರು. ಶಾಲೆಯ ಕ್ರೀಡಾದಿನಗಳಲ್ಲಿ ನಾನು ಮಾಡಿದ್ದು ಗಡಿಯಾರ ಹಿಡಿದು ನಿಲ್ಲುವ ಕೆಲಸ ಮಾತ್ರ. 2015ರಲ್ಲಿ ನಿವೃತ್ತನಾದ ಮೇಲೆ ಸಕ್ಕರೆ ಕಾಯಿಲೆಯ ದೆಸೆಯಿಂದ ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ನಡೆಯತೊಡಗಿದೆ. ಅಲ್ಲಿ ಎದುರಾದ ಹಳೆಯ ವಿದ್ಯಾರ್ಥಿಯೊಬ್ಬ, "ಸಾರ್, ಇದನ್ನೇ ಸ್ವಲ್ಪ ಜೋರು ಮಾಡಿದರೆ ಓಟ ಆಗುತ್ತೆ, ನಮ್ಮ ಜೊತೆ ಬನ್ನಿ" ಎಂದು ಕರೆದೊಯ್ದ. ಬಳಗದಲ್ಲಿ ಆಗ ನಲವತ್ತು ಜನ. ಬ್ಯಾಂಕಿನವರು, ಔಷಧದಂಗಡಿಯವರು, ಕಾಲೇಜು ಹುಡುಗರು, ಮಕ್ಕಳನ್ನು ಶಾಲೆಗೆ ಕಳಿಸುವ ಮೊದಲು ಓಡಿ ಮುಗಿಸಬೇಕೆಂದು ಕತ್ತಲಲ್ಲೇ ಬರುವ ಗೃಹಿಣಿಯರು. ಯಾರ ಹೆಸರೂ ಪೂರ್ತಿ ಗೊತ್ತಿರಲಿಲ್ಲ. ಯಾರು ಯಾರ ಪಕ್ಕ ಓಡುತ್ತಾರೆ ಎಂಬುದೇ ಪರಿಚಯ. ನನ್ನ ಪಕ್ಕ ಓಡುತ್ತಿದ್ದವರು ರೇಷ್ಮೆ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಒಬ್ಬರು. ಹುಡುಗರು ಅವರನ್ನು 'ರೇಷ್ಮೆ ಅಂಕಲ್' ಎನ್ನುತ್ತಿದ್ದರು. ನಾವಿಬ್ಬರೂ ಬಳಗದ ಬಾಲ. ಎಲ್ಲರೂ ಮುಗಿಸಿ ಕಾಫಿ ಕುಡಿಯುವ ಹೊತ್ತಿಗೆ ನಾವು ತಲುಪುತ್ತಿದ್ದೆವು. ಅವರು ನನ್ನನ್ನು ಹಿಂದೆ ಬಿಟ್ಟು ಹೋಗಬಹುದಾದರೂ ಹೋಗುತ್ತಿರಲಿಲ್ಲ.

2020ರ ಮಾರ್ಚ್ 22ರಂದು ಜನತಾ ಕರ್ಫ್ಯೂ, 25ರಿಂದ ಲಾಕ್‌ಡೌನ್. ಮರುದಿನವೇ ನಂಜನಗೂಡಿನ ಕಾರ್ಖಾನೆಯ ನೌಕರರೊಬ್ಬರಲ್ಲಿ ಸೋಂಕು ಕಂಡು, ಮುಂದೆ ಅದು ಅಲ್ಲಿನವರಿಗೆಲ್ಲ ಹಬ್ಬಿ, ನಮ್ಮ ಜಿಲ್ಲೆಯ ಹೆಸರು ದಿನವೂ ವಾರ್ತೆಯಲ್ಲಿ ಬರತೊಡಗಿತು. ಕೆರೆಯ ದಂಡೆಯಿಲ್ಲ, ಬೆಟ್ಟವಿಲ್ಲ, ಬಡಾವಣೆಯ ಉದ್ಯಾನವೂ ಇಲ್ಲ. ಉಳಿದದ್ದು ತಾರಸಿ.

ತಾರಸಿಯ ಓಟದ ಬಗ್ಗೆ ಲೆಕ್ಕದ ಮೇಷ್ಟ್ರು ನಾಲ್ಕು ಮಾತು ಹೇಳದೆ ಬಿಡಲಾರ. ನಮ್ಮದು ಮೂವತ್ತು ನಲವತ್ತರ ನಿವೇಶನ. ಸುತ್ತಳತೆ 140 ಅಡಿ, ಅಂದರೆ 43 ಮೀಟರಿಗೆ ಸ್ವಲ್ಪ ಕಡಿಮೆ. ಅದರಲ್ಲಿ ನೀರಿನ ಟ್ಯಾಂಕು, ಸೋಲಾರು, ಬಟ್ಟೆ ಒಗೆಯುವ ಕಲ್ಲು, ತುಳಸಿ ಕಟ್ಟೆ ಇಷ್ಟನ್ನೂ ಕಳೆದರೆ ಓಡಲು ಸಿಗುವ ಸುತ್ತು 32 ಮೀಟರು. ಐದು ಕಿಲೋಮೀಟರಿಗೆ 156 ಸುತ್ತು, 624 ತಿರುವು! ಒಂದೇ ಕಡೆಗೆ ತಿರುಗುತ್ತಿದ್ದರೆ ತಲೆ ತಿರುಗುತ್ತದೆ, ಒಂದೇ ಮಂಡಿಯ ಮೇಲೆ ಭಾರ ಬೀಳುತ್ತದೆ. ಆದ್ದರಿಂದ ಹತ್ತು ಸುತ್ತಿಗೊಮ್ಮೆ ದಿಕ್ಕು ಬದಲಿಸಬೇಕು. ಎಣಿಕೆ ತಪ್ಪದಿರಲು ನನ್ನಾಕೆ ಅಳಗುಳಿಮಣೆಯ ಹುಣಸೆಬೀಜಗಳನ್ನು ಕೊಟ್ಟಳು. ಹತ್ತು ಸುತ್ತಿಗೆ ಒಂದು ಬೀಜ, ಹದಿನಾರು ಬೀಜ ಮುಗಿದರೆ ಓಟ ಮುಗಿಯಿತು. ಕೈಗಡಿಯಾರದ ಜಿಪಿಎಸ್ ನಂಬಿದವರ ಪಾಡು ಬೇರೆ. ಅದರ ಲೆಕ್ಕ ಕೆಲವು ಮೀಟರು ಆಚೀಚೆಯಾಗುವುದು ಸಹಜ. ಬಯಲಿನಲ್ಲಿ ಅದು ಲೆಕ್ಕಕ್ಕಿಲ್ಲ, 32 ಮೀಟರಿನ ಸುತ್ತಿನಲ್ಲಿ ಅದೇ ದೊಡ್ಡದು. ನಮ್ಮ ಬ್ಯಾಂಕಿನವರು ಪಕ್ಕದ ಮನೆಯವರ ಅಡುಗೆಮನೆಯಲ್ಲಿ ಮೂರು ಕಿಲೋಮೀಟರು ಓಡಿದಂತೆ ಅವರ ಗಡಿಯಾರ ತೋರಿಸುತ್ತಿತ್ತು. ಆ ವರ್ಷದ ಅಕ್ಟೋಬರಿನಲ್ಲಿ ಲಂಡನ್ ಮ್ಯಾರಥಾನನ್ನು ಆಯ್ದ ಓಟಗಾರರಿಗಷ್ಟೇ ನಡೆಸಿ, ಉದ್ಯಾನವೊಂದರ ಸುತ್ತ 19ಕ್ಕೂ ಹೆಚ್ಚು ಸುತ್ತು ಓಡಿಸಿದರೆಂದು ಓದಿದಾಗ ನಮಗೆಲ್ಲ ಸಮಾಧಾನವಾಯಿತು. ಜಗದ್ವಿಖ್ಯಾತರೂ ನಮ್ಮಂತೆ ಸುತ್ತುತ್ತಿದ್ದರಲ್ಲ!

ಜಗಳಗಳೂ ಆದವು. ಏಪ್ರಿಲಿನಲ್ಲಿ ಡಚ್ ಮತ್ತು ಬೆಲ್ಜಿಯಂ ತಂತ್ರಜ್ಞರ ಒಂದು ಬಣ್ಣದ ಚಿತ್ರ ಎಲ್ಲರ ವಾಟ್ಸಾಪಿಗೂ ಬಂತು. ಓಡುವವನ ಉಸಿರಿನ ಹನಿಗಳು ಹಿಂದೆ ಹೇಗೆ ತೇಲುತ್ತವೆ, ಆದ್ದರಿಂದ ಹಿಂದಿನವನು ಹತ್ತು ಮೀಟರು ದೂರವಿರಬೇಕು ಎಂದು. ಅದು ಇನ್ನೂ ತಜ್ಞರ ಪರಿಶೀಲನೆಗೆ ಒಳಪಡದ ಗಾಳಿಯ ಚಲನೆಯ ಲೆಕ್ಕವೇ ಹೊರತು ಸೋಂಕಿನ ಅಧ್ಯಯನವಲ್ಲ ಎಂದು ನಾನೆಷ್ಟು ಹೇಳಿದರೂ ಕೇಳಲಿಲ್ಲ. ಇದಕ್ಕಿಂತ ದೊಡ್ಡ ಜಗಳವೆಂದರೆ, ನನ್ನನ್ನು ಬಳಗಕ್ಕೆ ಕರೆತಂದ ಆ ಹುಡುಗನೇ ಬೆಳಗಿನ ಜಾವ ನಾಲ್ಕಕ್ಕೆದ್ದು, ಪೊಲೀಸರ ಕಣ್ಣು ತಪ್ಪಿಸಿ ವರ್ತುಲ ರಸ್ತೆಯಲ್ಲಿ ಓಡಿ, ಅದರ ಚಿತ್ರವನ್ನು ಗುಂಪಿಗೆ ಹಾಕಿದ್ದು. ನಾನು ಎಲ್ಲರೆದುರು ಅವನನ್ನು ಗದರಿದೆ. ನಿಯಮದ ವಿಷಯದಲ್ಲಿ ನಾನು ಹೇಳಿದ್ದು ಸರಿಯೆಂದು ಇಂದಿಗೂ ನಂಬಿದ್ದೇನೆ. ಆದರೆ ಮೂವತ್ತೈದರ ಗೃಹಸ್ಥನನ್ನು ಎಂಟನೆಯ ತರಗತಿಯ ಹುಡುಗನಂತೆ ಬೆಂಚಿನ ಮೇಲೆ ನಿಲ್ಲಿಸಬಾರದಿತ್ತು. ಅವನು ಅಂದೇ ಗುಂಪು ಬಿಟ್ಟ.

ಮೇ ತಿಂಗಳ ಮೂರನೆಯ ವಾರದಲ್ಲಿ ಉದ್ಯಾನಗಳನ್ನು ಬೆಳಿಗ್ಗೆ ಸಂಜೆ ಸ್ವಲ್ಪ ಹೊತ್ತು ತೆರೆದರು. 65 ದಾಟಿದವರು ಮನೆಯಲ್ಲೇ ಇರಬೇಕೆಂಬ ಸೂಚನೆ ಇದ್ದುದರಿಂದ ನನಗೂ ರೇಷ್ಮೆಯವರಿಗೂ ತಾರಸಿಯೇ ಗತಿಯಾಯಿತು. ಆಗ ಬಳಗದಲ್ಲಿ ಒಂದು ಹೊಸ ಪದ್ಧತಿ ಬಂತು. ಪ್ರತಿಯೊಬ್ಬರೂ ತಾವು ಓಡಿದ ಕಿಲೋಮೀಟರನ್ನು ಬರೆಯುವುದು, ರಾತ್ರಿ ಒಬ್ಬರು ಕೂಡಿಸಿ ಪಟ್ಟಿ ಮಾಡಿ ಹಾಕುವುದು. ಮೊದಲಿಗೆ ನನಗೂ ಅದು ಹಿತವೆನಿಸಿತು. ಡಿಸೆಂಬರ್ 20ರಂದು ಬೆಂಗಳೂರಿನ ಹತ್ತು ಕಿಲೋಮೀಟರಿನ ಓಟದಲ್ಲಿ ಆಯ್ದ ಓಟಗಾರರು ಮಾತ್ರ ಬೀದಿಗಿಳಿದು, ಉಳಿದವರು ಇದ್ದಲ್ಲೇ ಆ್ಯಪ್ ಹಿಡಿದು ಓಡಬೇಕಾದಾಗ ನಮ್ಮಲ್ಲಿ ಹನ್ನೊಂದು ಮಂದಿ ಓಡಿದರು. ಅವರ ಪದಕ ಅಂಚೆಯಲ್ಲಿ ಬಂತು. ತಪ್ಪೇನಿಲ್ಲ. ಆದರೆ ಪಟ್ಟಿಯೆಂಬುದು ಬಳಗವಲ್ಲ ಎಂದು ತಿಳಿಯಲು ನಮಗೆ ಮುಂದಿನ ಏಪ್ರಿಲ್ ಬರಬೇಕಾಯಿತು.

ಪಟ್ಟಿಯಲ್ಲಿ ಹೆಚ್ಚು ಓಡಿದವರ ಹೆಸರು ಮೇಲೆ, ಓಡದವರದು ಕೆಳಗೆ. 2021ರ ಏಪ್ರಿಲ್ ಕೊನೆಯಲ್ಲಿ ರೇಷ್ಮೆಯವರ ಹೆಸರಿನ ಮುಂದೆ ಸೊನ್ನೆ ಬಂತು. ಮರುದಿನವೂ ಸೊನ್ನೆ. ಮೂರನೆಯ ದಿನ ಹುಡುಗರಲ್ಲಿ ಒಬ್ಬ 'ಅಂಕಲ್‌ಗೆ ಬೇಸಿಗೆ ರಜೆ' ಎಂದು ಬರೆದ. ಅದರ ಕೆಳಗೆ ನಗುವ ಮುಖಗಳು ಸಾಲಾಗಿ ಬಂದವು. ಅವುಗಳಲ್ಲಿ ಒಂದು ನನ್ನದು. ನಾಲ್ಕು ವರ್ಷ ಪಕ್ಕದಲ್ಲಿ ಓಡಿದವನು ನಾನು. ಅವರ ಪತ್ನಿ ತೀರಿಹೋಗಿರುವುದೂ ಮಗ ವಿದೇಶದಲ್ಲಿರುವುದೂ ನನಗೆ ಗೊತ್ತಿತ್ತು. ಒಂದು ಫೋನ್ ಮಾಡಲಿಲ್ಲ. ಐದನೆಯ ದಿನ ಎದುರುಮನೆಯವರು ಬಾಗಿಲು ತೆಗೆಸಿ ನೋಡಿದಾಗ ಅವರಿಗೆ ಎದ್ದು ನಿಲ್ಲಲೂ ಆಗುತ್ತಿರಲಿಲ್ಲವಂತೆ. ಆಸ್ಪತ್ರೆಯಲ್ಲಿ ಹಾಸಿಗೆ ಸಿಗುವಷ್ಟರಲ್ಲಿ ಮತ್ತೆ ಒಂದು ಹಗಲು ಹೋಯಿತು. ಮೇ ಮೊದಲ ವಾರದಲ್ಲಿ ತೀರಿಕೊಂಡರು. ಮೊದಲ ದಿನವೇ ಯಾರಾದರೂ ಕೇಳಿದ್ದರೆ ಉಳಿಯುತ್ತಿದ್ದರೆ? ಹೇಳಲು ನಾನು ವೈದ್ಯನಲ್ಲ. ಕೇಳಲಿಲ್ಲ ಎಂಬುದಷ್ಟೇ ನನಗೆ ಗೊತ್ತಿರುವ ಸಂಗತಿ. ಆ ನಗುವ ಮುಖ ನನ್ನ ಫೋನಿನಲ್ಲಿ ಇನ್ನೂ ಇದೆ, ಅಳಿಸುವ ಧೈರ್ಯವಾಗಿಲ್ಲ.

ಹಾಜರಿ ಶುರುವಾದದ್ದು ಅದಾದ ಮೂರನೆಯ ದಿನ. ಕಿಲೋಮೀಟರಿನ ಪಟ್ಟಿಯನ್ನು ನಿಲ್ಲಿಸಿದೆವು. ಬಳಗವನ್ನು ಹತ್ತು ಹತ್ತು ಜನರ ತಂಡ ಮಾಡಿ, ತಂಡಕ್ಕೊಬ್ಬ ಮಾನಿಟರ್. ಬೆಳಿಗ್ಗೆ ಏಳರೊಳಗೆ ಎಲ್ಲರೂ 'ಹಾಜರ್' ಎಂದು ಬರೆಯಬೇಕು. ಓಡಿದರೂ ಸರಿ, ಓಡದಿದ್ದರೂ ಸರಿ. ಎಂಟಾದರೂ ಬರೆಯದವರಿಗೆ ಮಾನಿಟರ್ ಫೋನ್ ಮಾಡಬೇಕು. ಫೋನ್ ತೆಗೆಯದಿದ್ದರೆ ಹತ್ತಿರದ ಮನೆಯವರು ಹೋಗಿ ಗೇಟಿನ ಹೊರಗೆ ನಿಂತು ಕೂಗಬೇಕು. ಆ ಮೇ ತಿಂಗಳಲ್ಲಿ ದಿನಸಿ ಅಂಗಡಿಗಳು ತೆರೆಯುತ್ತಿದ್ದುದು ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ. ಅಷ್ಟರಲ್ಲಿ ಸೋಂಕಿತರ ಮನೆಗೆ ಸಾಮಾನು, ಔಷಧಿ, ಸಾರನ್ನ ತಲುಪಿಸುವ ಕೆಲಸವೂ ತಂಡಗಳ ಪಾಲಿಗೆ ಬಂತು. ಕಾಲಿಗೆ ಕೆಲಸ ಕೊಟ್ಟು ಅಭ್ಯಾಸವಿದ್ದವರು, ಹಿಂದೆಗೆಯಲಿಲ್ಲ. ಗುಂಪು ಬಿಟ್ಟಿದ್ದ ಆ ಹುಡುಗ ಯಾರಿಂದಲೋ ಸುದ್ದಿ ತಿಳಿದು ನನಗೆ ಫೋನ್ ಮಾಡಿ, "ಸಾರ್, ಹಾಜರ್" ಎಂದ. ಅಷ್ಟೇ. ಹಳೆಯ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಚಂದಾ ಎತ್ತಿ ಮೂರು ಆಕ್ಸಿಮೀಟರ್ ಕೊಂಡೆವು. ಆಗ ವೈದ್ಯರು ಆರು ನಿಮಿಷದ ನಡಿಗೆಯ ಪರೀಕ್ಷೆಯೊಂದನ್ನು ಮನೆಯಲ್ಲೇ ಮಾಡಿಕೊಳ್ಳಲು ಹೇಳುತ್ತಿದ್ದರು. ಕುಳಿತಾಗ ರಕ್ತದ ಆಮ್ಲಜನಕ ನೋಡಿಕೊಂಡು, ಕೋಣೆಯಲ್ಲೇ ಆರು ನಿಮಿಷ ನಡೆದು ಮತ್ತೆ ನೋಡುವುದು. 94ಕ್ಕಿಂತ ಇಳಿದರೆ ತಡಮಾಡಬಾರದು. ಓಟಗಾರರಿಗೆ ಇದನ್ನು ಹೇಳಿಕೊಡುವುದು ಸುಲಭವೆಂದುಕೊಂಡಿದ್ದೆ, ತಿರುಗುಮುರುಗಾಯಿತು. ದಿನವೂ ಏದುಸಿರು ಬಿಟ್ಟು ರೂಢಿಯಾದವರು ಏದುಸಿರನ್ನು ಲಕ್ಷಿಸುವುದೇ ಇಲ್ಲ. ಬಳಗದ ಅತಿ ವೇಗದ ಓಟಗಾರ್ತಿ, ಜ್ವರದ ಐದನೆಯ ದಿನ, "ನನಗೇನೂ ಆಗಿಲ್ಲ ಸಾರ್, ಸುಮ್ಮನೆ ಗಾಬರಿ ಮಾಡ್ತೀರ" ಎಂದು ರೇಗುತ್ತಲೇ ನಡೆದು ನೋಡಿದರು. 96 ಇದ್ದದ್ದು 90ಕ್ಕೆ ಬಂದಿತ್ತು. ಅಂದೇ ಆಸ್ಪತ್ರೆಗೆ ಸೇರಿಸಿದೆವು. ಹನ್ನೆರಡು ದಿನಕ್ಕೆ ಮನೆಗೆ ಬಂದರು. ಅವರು ಮತ್ತೆ ಓಡಲು ವೈದ್ಯರ ಒಪ್ಪಿಗೆ ಸಿಕ್ಕಿದ್ದು ದೀಪಾವಳಿಯ ಹೊತ್ತಿಗೆ.

ನಗೆಪಾಟಲೂ ಆಗಿದೆ, ಮುಚ್ಚಿಡುವುದೇಕೆ? ಒಮ್ಮೆ ಉತ್ತರ ಬಾರದ ಬ್ಯಾಂಕಿನವರ ಗೇಟನ್ನು ಮೂವರು ಸೇರಿ ಬಡಿದು, ಇಡೀ ಬೀದಿ ಎದ್ದು ಬಂದು, ಕೊನೆಗೆ ಅವರು ಪಂಚೆ ಸರಿಮಾಡಿಕೊಳ್ಳುತ್ತ ಹೊರಬಂದು, ರಾತ್ರಿಯೆಲ್ಲ ಇಸ್ಪೀಟಾಡಿ ಮಲಗಿದ್ದೆನೆಂದು ಒಪ್ಪಿಕೊಂಡರು. ಅವರ ಮನೆಯಾಕೆಗೂ ಅದು ಹೊಸ ಸುದ್ದಿಯಾಗಿತ್ತು!

ಈಗ ಬಳಗದಲ್ಲಿ ನೂರಕ್ಕೂ ಹೆಚ್ಚು ಜನರಿದ್ದಾರೆ. ಅರ್ಧಕ್ಕಿಂತ ಹೆಚ್ಚಿನವರು ಆ ದಿನಗಳ ನಂತರ ಸೇರಿದವರು. ಅವರ ವಾದ ಮೂರು. ಇದು ಶಾಲೆಯ ಮಕ್ಕಳ ಆಟದಂತಿದೆ ಎಂಬುದು ಮೊದಲನೆಯದು. ಇದಕ್ಕೆ ನಾನು ಉತ್ತರ ಕೊಡುವುದಿಲ್ಲ, ಜೀವಮಾನವಿಡೀ ಮಕ್ಕಳ ನಡುವೆ ಇದ್ದವನಿಗೆ ಅದು ಬೈಗುಳವಲ್ಲ. ಎಲ್ಲರ ಓಟವೂ ಆ್ಯಪಿನಲ್ಲಿ ಕಾಣುತ್ತದೆ, ಮತ್ತೆ ಹಾಜರಿಯೇಕೆ ಎಂಬುದು ಎರಡನೆಯದು. ಆ್ಯಪಿಗೆ ಗೊತ್ತಿರುವುದು ಓಡಿದವರು ಮಾತ್ರ. ನನ್ನ ಚಿಂತೆ ಓಡದವರದು. ಗ್ರಾಮಾಂತರ ಶಾಲೆಯಲ್ಲಿದ್ದಾಗ ಏಳನೆಯ ತರಗತಿಯ ಹುಡುಗಿಯೊಬ್ಬಳು ನಾಲ್ಕು ದಿನ ಬಾರದಿದ್ದುದಕ್ಕೆ ಅವಳ ಮನೆಗೆ ಹೋಗಿದ್ದೆ. ತಾಯಿ ಮಲಗಿದ್ದರು, ಹುಡುಗಿ ಒಲೆಯ ಮುಂದಿದ್ದಳು, ತಂದೆ ಮದುವೆಯ ಮಾತು ಆಡುತ್ತಿದ್ದರು. ತಾಯಿಯನ್ನು ಆಸ್ಪತ್ರೆಗೆ ಸೇರಿಸಿ, ತಂದೆಯ ಜೊತೆ ಒಂದು ವಾರ ವಾದ ಮಾಡಿ ಅವಳನ್ನು ತರಗತಿಗೆ ಕರೆತಂದದ್ದು ಹಾಜರಿ ಪುಸ್ತಕದ ನಾಲ್ಕು ಸೊನ್ನೆಗಳ ಬಲದಿಂದ. ಅಂಕಪಟ್ಟಿ ನೋಡಿಕೊಂಡು ಕುಳಿತಿದ್ದರೆ ವರ್ಷದ ಕೊನೆಗೆ ತಿಳಿಯುತ್ತಿತ್ತು.

ಮೂರನೆಯ ವಾದ ಗಟ್ಟಿಯಾದದ್ದು. ನಾನು ಎದ್ದೆನೋ ಇಲ್ಲವೋ, ಊರಲ್ಲಿದ್ದೇನೋ ಇಲ್ಲವೋ ಎಂಬುದನ್ನು ನೂರು ಜನಕ್ಕೆ ಏಕೆ ಹೇಳಬೇಕು ಎಂದು ಒಬ್ಬ ಹೆಣ್ಣುಮಗಳು ಕೇಳಿದಳು. ಅವಳ ಮಾತಿನಲ್ಲಿ ನ್ಯಾಯವಿದೆ. ಅಂದಿನ ಭಯದಲ್ಲಿ ನಾವು ಅದನ್ನು ಯೋಚಿಸಿರಲಿಲ್ಲ. ಒಂಟಿಯಾಗಿರುವ ಹೆಂಗಸು ಊರಲ್ಲಿಲ್ಲ ಎಂಬುದು ಎಲ್ಲರ ಫೋನಿನಲ್ಲೂ ಇರುವುದು ಒಳ್ಳೆಯದಲ್ಲ. ಆದ್ದರಿಂದ ನನ್ನ ಸಲಹೆಯನ್ನು ತಿದ್ದಿಕೊಂಡಿದ್ದೇನೆ. ದೊಡ್ಡ ಗುಂಪಿನಲ್ಲಿ ಹಾಜರಿ ಬೇಡ. ಪ್ರತಿಯೊಬ್ಬರೂ ತಾವೇ ಆರಿಸಿದ ಮತ್ತೊಬ್ಬರಿಗೆ ಮಾತ್ರ ತಿಳಿಸಲಿ. ಬೇಡವೆನ್ನುವವರು ಬೇಡವೆಂದು ಬರೆದುಕೊಟ್ಟು ಬಿಡಲಿ. ಒಬ್ಬರೇ ವಾಸಿಸುವವರು, ಅರವತ್ತು ದಾಟಿದವರು ಬಿಡುವ ಮೊದಲು ಒಮ್ಮೆ ನನ್ನೊಡನೆ ಮಾತನಾಡಲಿ. ಬಳಗದಲ್ಲಿ ಅಂಥವರು ಹದಿನೇಳು ಮಂದಿ ಇದ್ದಾರೆ, ಎಣಿಸಿದ್ದೇನೆ.

ಸಭೆ ಈ ಭಾನುವಾರ ಬೆಳಿಗ್ಗೆ ಏಳಕ್ಕೆ, ಅದೇ ಜಾಗದಲ್ಲಿ. ನನ್ನ ಆರು ವಿದ್ಯಾರ್ಥಿಗಳೂ ಬರಬೇಕು. ನನ್ನ ಪರವಾಗಿಯೇ ಕೈಯೆತ್ತಬೇಕೆಂದೇನಿಲ್ಲ. ನಾನು ಎಂದಿನಂತೆ ಕೊನೆಯಲ್ಲಿ ತಲುಪುತ್ತೇನೆ. ಅಲ್ಲಿಯವರೆಗೆ ಮತಕ್ಕೆ ಹಾಕದಿದ್ದರೆ ಸಾಕು.