ಬಲಗಾಲಿನ ತೆರಿಗೆ

ಭಾನುವಾರ ಬೆಳಿಗ್ಗೆ ಕ್ಯಾತಸಂದ್ರದ ತಟ್ಟೆ ಇಡ್ಲಿ ಹೋಟೆಲೊಂದರ ಮುಂದೆ ಏಳು ಸೀಟಿನ ಬಿಳಿ ಗಾಡಿ ನಿಂತಿತ್ತು. ಒಳಗೆ ಒಬ್ಬರೇ. ಗಾಜು ಏರಿಸಿ, ಏಸಿ ಹಾಕಿಕೊಂಡು ಮೊಬೈಲ್ ನೋಡುತ್ತಿದ್ದರು. ಹುಡುಗ ಪಾರ್ಸೆಲ್ ತರುವ ತನಕ, ಅಂದರೆ ಭರ್ತಿ ಇಪ್ಪತ್ತು ನಿಮಿಷ, ಎಂಜಿನ್ ಗುರುಗುಡುತ್ತಲೇ ಇತ್ತು. ಅಷ್ಟು ದೊಡ್ಡ ಡೀಸೆಲ್ ಗಾಡಿ ಏಸಿಯಲ್ಲಿ ನಿಂತರೆ ಗಂಟೆಗೆ ಸುಮಾರು ಒಂದು ಲೀಟರ್ ಕುಡಿಯುತ್ತದೆ. ಹೆಚ್ಚುಕಡಿಮೆ ಒಂದು ಇಡ್ಲಿಯ ದುಡ್ಡು ನಿಂತಲ್ಲೇ ಹೊಗೆಯಾಯಿತು. ಪಾರ್ಸೆಲ್ ಇಸಿದುಕೊಳ್ಳುತ್ತಾ ಆ ಮಹನೀಯರು ಹುಡುಗನಿಗೆ ಅಂದದ್ದು: ‘ಇಡ್ಲಿಗೂ ರೇಟ್ ಏರಿಸಿಬಿಟ್ರಲ್ಲಪ್ಪ!’

ಡೀಸೆಲ್ ರೇಟಿಗೆ ಬೈಯದವರು ತುಮಕೂರು ಜಿಲ್ಲೆಯಲ್ಲಿಲ್ಲ. ಕಾರಣವೂ ಇದೆ, ಇಲ್ಲವೆನ್ನುವುದಿಲ್ಲ. 2025ರ ಏಪ್ರಿಲ್ 1ರಿಂದ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 18.44ರಿಂದ 21.17ಕ್ಕೆ ಏರಿಸಿತು, ಲೀಟರಿಗೆ 2 ರೂಪಾಯಿ ಹೆಚ್ಚಿ ಬೆಂಗಳೂರಿನಲ್ಲಿ 91 ರೂಪಾಯಿ ಆಯಿತು. ಸರಿ, ಲೆಕ್ಕಕ್ಕೆ ಕೂರೋಣ. ತುಮಕೂರಿನಿಂದ ಗುಬ್ಬಿಗೆ ಹೋಗಿಬರಲು ಸುಮಾರು 40 ಕಿಲೋಮೀಟರ್. ಲೀಟರಿಗೆ 14 ಕೊಡಬಲ್ಲ ಗಾಡಿಯನ್ನು ಹೆಗ್ಗೆರೆ, ಮಲ್ಲಸಂದ್ರದಲ್ಲಿ ಎದುರಾದ ಪ್ರತಿ ಅಡ್ಡಿಯ ತನಕ ನುಗ್ಗಿಸಿ, ಬ್ರೇಕ್ ತುಳಿದು, ಮತ್ತೆ ನುಗ್ಗಿಸಿ ನೀವು 10ಕ್ಕೆ ಇಳಿಸಿದ್ದೀರಿ. ಮೂರು ಲೀಟರಿಗೂ ಕಡಿಮೆಯಲ್ಲಿ ಮುಗಿಯುವ ದಾರಿಗೆ ನಾಲ್ಕು ಲೀಟರ್. ಸರ್ಕಾರ ಏರಿಸಿದ್ದು ದಿನಕ್ಕೆ 8 ರೂಪಾಯಿ. ನಿಮ್ಮ ಬಲಗಾಲು ಏರಿಸಿದ್ದು 100. ಆ ನೂರರ ಬಗ್ಗೆ ಮಾತ್ರ ಯಾವ ಟೀ ಅಂಗಡಿಯಲ್ಲೂ ಚರ್ಚೆಯಿಲ್ಲ.

ಮೈಲೇಜ್ ಎಷ್ಟು ಎಂದರೆ ಶೋರೂಮಿನವರು ಹೇಳಿದ್ದನ್ನೇ ಒಪ್ಪಿಸುತ್ತೀರಿ. ನಿಮಗೆ ಗೊತ್ತಾಗುವುದಾದರೂ ಹೇಗೆ? ಇವತ್ತು ‘ಐನೂರಕ್ಕೆ ಹಾಕು’, ನಾಳೆ ‘ಸಾವಿರಕ್ಕೆ ಹಾಕು’. ಬಂಕಿನ ಹುಡುಗ ‘ಝೀರೋ ನೋಡ್ಕೊಳ್ಳಿ ಸಾರ್’ ಅಂದಾಗ ಕತ್ತು ಚಾಚಿ ನೋಡುವ ನೀವು, ಓಡಿಸಿದ ಕಿಲೋಮೀಟರನ್ನು ಒಮ್ಮೆಯೂ ಬರೆದಿಟ್ಟವರಲ್ಲ. ಟ್ಯಾಂಕ್ ಫುಲ್ ಮಾಡಿಸಿ ಟ್ರಿಪ್ ಮೀಟರನ್ನು ಸೊನ್ನೆಗೆ ತನ್ನಿ. ಮುಂದಿನ ಸಲ ಮತ್ತೆ ಫುಲ್ ಮಾಡಿಸಿ, ಓಡಿದ ಕಿಲೋಮೀಟರನ್ನು ಹಿಡಿಸಿದ ಲೀಟರಿನಿಂದ ಭಾಗಿಸಿ. ನಾಲ್ಕನೇ ಕ್ಲಾಸಿನ ಮಗು ಮಾಡುವ ಭಾಗಾಕಾರ.

ಕುಣಿಗಲ್ ಕಡೆ ಹೋಗುವವರದು ಇನ್ನೊಂದು ರೋಗ. ಹಾಸನ ಹೆದ್ದಾರಿ ಸಿಕ್ಕಿತೋ ಇಲ್ಲವೋ, ಮುಳ್ಳು 110. ಗೋಡೆಯಂಥ ಮೂತಿಯ ಗಾಡಿ 80ರಿಂದ 110ಕ್ಕೆ ಏರಿದರೆ ಗಾಳಿಯ ತಡೆ ಸುಮಾರು ಇಮ್ಮಡಿಯಾಗುತ್ತದೆ. ಟಿಪ್ಪು ಕಾಲದಿಂದ ಕುದುರೆ ಸಾಕಿದ ಊರಿನ ದಾರಿಯಲ್ಲಿ, ದೌಡಾಯಿಸಿದಷ್ಟೂ ಮೇವು ಜಾಸ್ತಿ ಎಂದು ಹೇಳಿಕೊಡಬೇಕಾಯಿತಲ್ಲ!

ಟೈರಿನ ಗಾಳಿ ಕೊನೆಯ ಸಲ ನೋಡಿಸಿದ್ದು ಯಾವಾಗ? ಯುಗಾದಿಗೋ, ಆಯುಧ ಪೂಜೆಗೋ? ಮೆತ್ತಗಾದ ಟೈರೂ ಡೀಸೆಲ್ ತಿನ್ನುತ್ತದೆ. ಬಂಕಿನಲ್ಲಿ ಗಾಳಿ ಪುಕ್ಕಟೆ. ನಾಳೆಯೇ ಹೋಗಿ ಹಿಡಿಸಿ, ಎಂಜಿನ್ ಆಫ್ ಮಾಡಿ.