ಎರಡು ದಿನ ಬೀದರ್‌ನಲ್ಲಿ ಇದ್ದು ಬನ್ನಿ

ಶಾಲೆಗೆ ರಜೆ ಬಂತೆಂದರೆ ಮನೆಮನೆಯಲ್ಲೂ ಒಂದೇ ಚರ್ಚೆ. ಈ ಸಲ ಎಲ್ಲಿಗೆ? ಮೈಸೂರು ನೋಡಿ ಆಗಿದೆ. ಊಟಿಯಲ್ಲಿ ಕಾಲಿಡಲು ಜಾಗವಿಲ್ಲ. ಹೈದರಾಬಾದ್‌ಗೆ ಹೋದರೆ ಚಾರ್‌ಮಿನಾರ್ ಮತ್ತು ಬಳೆ ಅಂಗಡಿಗಳ ನಡುವೆಯೇ ದಿನ ಮುಗಿಯುತ್ತದೆ. ಅದೇ ಹೈದರಾಬಾದ್‌ನಿಂದ ಮೂರು ಗಂಟೆಯ ದಾರಿಯಲ್ಲಿ, ನಮ್ಮ ರಾಜ್ಯದ ತುತ್ತತುದಿಯಲ್ಲಿ ಬೀದರ್ ಇದೆ. ರಾಜಕಾರಣಿಗಳ ಭಾಷಣದಲ್ಲಿ "ಬೀದರ್‌ನಿಂದ ಚಾಮರಾಜನಗರದವರೆಗೆ" ಎಂದು ಕೇಳುತ್ತೇವೆ. ಚಳಿಗಾಲದಲ್ಲಿ ಕನಿಷ್ಠ ಉಷ್ಣಾಂಶದ ಸುದ್ದಿಯಲ್ಲಿ ಅದರ ಹೆಸರು ಓದುತ್ತೇವೆ. ಆದರೆ ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋಗಿ ಬಂದವರು ನಮ್ಮಲ್ಲಿ ಎಷ್ಟು ಮಂದಿ?

2011ರ ಜನಗಣತಿಯ ಪ್ರಕಾರ ಎರಡು ಲಕ್ಷಕ್ಕೆ ಸ್ವಲ್ಪ ಹೆಚ್ಚು ಜನಸಂಖ್ಯೆಯ ಊರು ಇದು. ಹದಿನೈದನೇ ಶತಮಾನದಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾಹ್ ತನ್ನ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದ. ಅಂದಿನಿಂದ ದೂರದೂರದ ಜನ ಈ ಊರಿಗೆ ಬಂದರು. ಬರುವಾಗ ತಮ್ಮ ವಿದ್ಯೆಯನ್ನೂ ತಂದರು. ಇಲ್ಲಿನ ಕಲ್ಲು, ಮಣ್ಣು, ಕೈಗಳ ಜೊತೆ ಆ ವಿದ್ಯೆ ಬೆರೆತು ಏನಾಯಿತು ಎಂಬುದನ್ನು ನೋಡುವುದೇ ಬೀದರ್ ಪ್ರವಾಸದ ಸಾರ.

ಮೊದಲು ಹಳೆ ಊರಿನ ನಡುವೆ ಇರುವ ಚೌಬಾರಾ ಎಂಬ ಎತ್ತರದ ಕಾವಲು ಗೋಪುರದ ಬಳಿ ಇಳಿದುಕೊಳ್ಳಿ. ಅಲ್ಲಿಂದ ಕೋಟೆಯ ಕಡೆಗೆ ನಡೆದರೆ ದಾರಿಯಲ್ಲೇ ಮಹ್ಮೂದ್ ಗವಾನ್ ಮದ್ರಸಾ ಸಿಗುತ್ತದೆ. ಇರಾನಿನ ಗೀಲಾನ್ ಪ್ರಾಂತ್ಯದಿಂದ ವ್ಯಾಪಾರಿಯಾಗಿ ಬಂದ ಗವಾನ್ ಬಹಮನಿ ರಾಜ್ಯದ ಪ್ರಧಾನಿಯ ಸ್ಥಾನಕ್ಕೇರಿದರು. 1472ರಲ್ಲಿ ಅವರು ಕಟ್ಟಿಸಿದ ಈ ಮೂರು ಅಂತಸ್ತಿನ ವಿದ್ಯಾಲಯದಲ್ಲಿ ಉಪನ್ಯಾಸದ ಹಜಾರಗಳು, ಗ್ರಂಥಾಲಯ, ಮಸೀದಿ, ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಕೋಣೆಗಳು ಇದ್ದವು. ಮುಂದೆ ಮೊಗಲರ ಕಾಲದಲ್ಲಿ ಇದರೊಳಗೆ ಸಿಡಿಮದ್ದು ಕೂಡಿಟ್ಟರು. 1696ರಲ್ಲಿ ಅದು ಸ್ಫೋಟಗೊಂಡು ಕಟ್ಟಡದ ದೊಡ್ಡ ಭಾಗ ನೆಲಕ್ಕುರುಳಿತು. ಉಳಿದ ಒಂದೇ ಮಿನಾರಿನ ಮೇಲೆ ನೀಲಿ ಹೆಂಚುಗಳ ಚೂರುಗಳು ಇಂದಿಗೂ ಬಿಸಿಲಿಗೆ ಹೊಳೆಯುತ್ತವೆ.

ಅಲ್ಲಿ ನೆರಳಲ್ಲಿ ಕುಳಿತು ಮಕ್ಕಳಿಗೆ ಗವಾನರ ಅಂತ್ಯವನ್ನೂ ಹೇಳಿ. ಅವರ ಏಳಿಗೆ ಸಹಿಸದವರು ಅವರ ಮೊಹರು ಒತ್ತಿದ ಕಾಗದವೊಂದನ್ನು ಸಂಪಾದಿಸಿ, ಶತ್ರುರಾಜನಿಗೆ ಬರೆದಂತೆ ಸುಳ್ಳು ಪತ್ರ ಸೃಷ್ಟಿಸಿದರು. ಮದ್ಯದ ಅಮಲಿನಲ್ಲಿದ್ದ ಸುಲ್ತಾನ ವಿಚಾರಣೆಯನ್ನೇ ನಡೆಸದೆ ಮರಣದಂಡನೆ ವಿಧಿಸಿದ. ಅದು 1481. ಸತ್ಯ ತಿಳಿದ ಮೇಲೆ ಸುಲ್ತಾನ ಪರಿತಪಿಸಿದ, ಆದರೆ ಹೋದ ಜೀವ ಬರಲಿಲ್ಲ. ಬಹಮನಿ ರಾಜ್ಯವೂ ಆಮೇಲೆ ಚೇತರಿಸಿಕೊಳ್ಳದೆ ಐದು ಹೋಳಾಯಿತು. ಬಂದ ಸಂದೇಶವನ್ನು ಓದುವ ಮೊದಲೇ ಹತ್ತು ಮಂದಿಗೆ ರವಾನಿಸುವ ಈ ಕಾಲದಲ್ಲಿ, ಒಂದು ಸುಳ್ಳು ಪತ್ರದ ಬೆಲೆ ಎಷ್ಟೆಂದು ತಿಳಿಯಲು ಇದಕ್ಕಿಂತ ಒಳ್ಳೆಯ ತರಗತಿ ಬೇಕೆ?

ಅಲ್ಲಿಂದ ಮುಂದೆ ಕೋಟೆ. ಬಂಡೆಯನ್ನೇ ಕಡಿದು ತೋಡಿದ ಮೂರು ಸಾಲಿನ ಕಂದಕವನ್ನು ಸೇತುವೆಯ ಮೇಲೆ ನಿಂತು ನೋಡಿ. ಒಳಗಿನ ರಂಗೀನ್ ಮಹಲಿನಲ್ಲಿ ಕರಿಕಲ್ಲಿನೊಳಗೆ ಮುತ್ತಿನ ಚಿಪ್ಪನ್ನು ಕೂರಿಸಿದ ಕುಸುರಿಯಿದೆ, ಮರದ ಕಂಬಗಳ ಕೆತ್ತನೆಯಿದೆ. ಬೀಗ ಹಾಕಿದ್ದರೆ ಹಿಂದಿರುಗಬೇಡಿ, ಅಲ್ಲಿನ ಸಿಬ್ಬಂದಿಯನ್ನು ವಿನಯದಿಂದ ಕೇಳಿ. ಪಕ್ಕದಲ್ಲೇ 1423-24ರ ಸೋಲಾ ಖಂಬ ಮಸೀದಿ. ದಪ್ಪ ಕಂಬಗಳ ನಡುವಿನ ಆ ತಂಪು, ಹೊರಗಿನ ಬಿಸಿಲಿನಿಂದ ಬಂದವರಿಗೇ ಗೊತ್ತು.

ಮಧ್ಯಾಹ್ನ ಬಿದರಿಯವರಿಗೆ ಮೀಸಲಿಡಿ. ಮದ್ರಸಾದ ರಸ್ತೆಯಲ್ಲೂ ಹಳೆ ಊರಿನ ಗಲ್ಲಿಗಳಲ್ಲೂ ಸುತ್ತಿಗೆಯ ಟಕಟಕ ಸದ್ದು ಕೇಳಿದ ಕಡೆ ನಿಲ್ಲಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಉಳಿಯಿಂದ ಬಳ್ಳಿ, ಹೂವು ಕೊರೆದು ಆ ಗೀರುಗಳಲ್ಲಿ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುತ್ತಾರೆ. ಕೊನೆಗೆ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ, ಪಾತ್ರೆಯನ್ನು ಬಿಸಿ ಮಾಡಿ ಉಜ್ಜುತ್ತಾರೆ. ನೋಡನೋಡುತ್ತಿದ್ದಂತೆ ಸತು ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಮಳೆ ಬಿಸಿಲು ತಾಗದೆ ಶತಮಾನಗಳಿಂದ ಬಿದ್ದಿರುವ ಮಣ್ಣೇ ಇದಕ್ಕೆ ಬೇಕಂತೆ. ಅನುಭವಿಗಳು ಅದನ್ನು ನಾಲಿಗೆಯ ಮೇಲಿಟ್ಟು ಪರೀಕ್ಷಿಸುತ್ತಾರೆ. ಬಿದರಿಗೆ 2006ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಇಲ್ಲಿನ ಕುಶಲಕರ್ಮಿ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂತು.

ಆದರೆ ಪ್ರಶಸ್ತಿಯೊಂದರಿಂದಲೇ ಗಲ್ಲಿಯ ಒಲೆಗಳು ಉರಿಯುವುದಿಲ್ಲ. ಸಹೋದರಿಯರೇ, ಇಲ್ಲೊಂದು ಮಾತು. ದೊಡ್ಡ ಅಂಗಡಿಯಲ್ಲಿ ಚೀಟಿ ಅಂಟಿಸಿದ ಬೆಲೆಯನ್ನು ತುಟಿಪಿಟಕ್ಕೆನ್ನದೆ ಕೊಡುವ ನಾವು, ನೆಲದ ಮೇಲೆ ಕುಳಿತು ದಿನಗಟ್ಟಲೆ ಕಣ್ಣು ಸವೆಸಿದವನ ಮುಂದೆ ಚೌಕಾಸಿಗೆ ನಿಲ್ಲುತ್ತೇವೆ. ಹೂಜಿ, ಹೂದಾನಿ ಕೊಳ್ಳಲು ಶಕ್ತಿ ಇಲ್ಲದಿದ್ದರೆ ಕಿವಿಯೋಲೆಯನ್ನೋ ಕೀಲಿಗೊಂಚಲನ್ನೋ ಕೊಳ್ಳಿ. ಆದರೆ ಮಾಡಿದವರ ಕೈಯಿಂದಲೇ ಕೊಳ್ಳಿ, ಕೇಳಿದ ಬೆಲೆಯನ್ನು ಸಂತೋಷದಿಂದ ಕೊಡಿ. ಅಪ್ಪನ ಕಸುಬಿನಲ್ಲಿ ಅನ್ನವಿದೆ ಎಂದು ಕಂಡರೆ ತಾನೇ ಮಗ ಉಳಿ ಹಿಡಿಯುವುದು?

ಎರಡನೇ ದಿನ ಬೆಳಗ್ಗೆ ಬೇಗ ಅಷ್ಟೂರಿಗೆ ಹೋಗಿ. ಹೊಲಗಳ ನಡುವೆ ಬಹಮನಿ ಸುಲ್ತಾನರ ಗೋರಿಗಳು ಸಾಲಾಗಿವೆ. ಸಿಡಿಲಿಗೆ ಸಿಕ್ಕಿ ಸೀಳಿಹೋದ ಹುಮಾಯೂನ್ ಶಾಹ್‌ನ ಗೋರಿಯೂ ಅಲ್ಲೇ ಇದೆ. ಅಹ್ಮದ್ ಶಾಹ್‌ನ ಗೋರಿಯೊಳಗೆ ಕಣ್ಣು ಕತ್ತಲೆಗೆ ಹೊಂದಿಕೊಳ್ಳುವವರೆಗೆ ಸುಮ್ಮನೆ ನಿಲ್ಲಿ. ನಿಧಾನವಾಗಿ ಚಾವಣಿಯ ಕೆಂಪು, ನೀಲಿ, ಬಂಗಾರದ ಬಣ್ಣಗಳು ಮೂಡುತ್ತವೆ. ಈ ಸುಲ್ತಾನನನ್ನು ಲಿಂಗಾಯತರು ಅಲ್ಲಮಪ್ರಭುವಿನ ರೂಪವೆಂದು ಗೌರವಿಸುತ್ತಾರೆ. ವಾರ್ಷಿಕ ಉರೂಸನ್ನು ನಡೆಸಿಕೊಡುವವರು ಜಂಗಮರು.

ಊರಿನ ಅಂಚಿನ ನೌಬಾದ್‌ನಲ್ಲಿ ಕರೇಜ್ ಇದೆ. ಇರಾನಿನ ತಂತ್ರದಿಂದ ನೆಲದಡಿಯಲ್ಲಿ ಕೊರೆದ ಸುರಂಗ ಕಾಲುವೆ. ಸಣ್ಣ ಇಳಿಜಾರಿನಿಂದಲೇ, ಏತವಾಗಲಿ ಯಂತ್ರವಾಗಲಿ ಇಲ್ಲದೆ ನೀರು ಹರಿಯುತ್ತಿತ್ತು. ಸಾಲುಸಾಲು ಬಾವಿಗಳಂತೆ ಕಾಣುವ ಕಿಂಡಿಗಳು ಗಾಳಿ ಬೆಳಕಿಗಾಗಿ ಮಾಡಿದವು. ಹೂಳು, ಕಸ ತುಂಬಿ ಮರೆತುಹೋಗಿದ್ದ ಇದನ್ನು 2010ರ ದಶಕದಲ್ಲಿ ಸ್ವಚ್ಛಗೊಳಿಸುವ ಕೆಲಸ ನಡೆಯಿತು. ನೀರಿನ ಬಾಟಲಿ ಕೈಯಲ್ಲಿ ಹಿಡಿದೇ ಇದನ್ನು ನೋಡುವ ಮಕ್ಕಳಿಗೆ ತಾವಾಗಿಯೇ ಪ್ರಶ್ನೆಗಳು ಹುಟ್ಟುತ್ತವೆ. ಖಾಲಿ ಬಾಟಲಿಯನ್ನು ಕಿಂಡಿಯೊಳಗೆ ಎಸೆಯದಂತೆ ಮಾತ್ರ ನೋಡಿಕೊಳ್ಳಿ.

ಹಿಂದಿರುಗುವ ಮುನ್ನ ಗುರುದ್ವಾರ ನಾನಕ್ ಝೀರಾ ಸಾಹಿಬ್‌ಗೆ ಹೋಗಬಹುದು. ಗುರು ನಾನಕರು ಇಲ್ಲಿಗೆ ಬಂದಾಗ ಸಿಹಿನೀರಿನ ಒರತೆ ಚಿಮ್ಮಿತೆಂಬುದು ಸಿಖ್ಖರ ನಂಬಿಕೆ. ತಲೆಗೆ ವಸ್ತ್ರ ಹೊದ್ದು ಒಳಹೋದ ಯಾರಿಗೂ ಲಂಗರಿನಲ್ಲಿ ಒಂದೇ ಪಂಕ್ತಿ, ಒಂದೇ ಊಟ. ಸಂಜೆಗೆ ಬರೀದ್ ಶಾಹಿ ಗೋರಿಗಳ ಉದ್ಯಾನವಿದೆ. ಪುಟಾಣಿಗಳು ಓಡಾಡಲಿ, ಅಜ್ಜ ಅಜ್ಜಿ ಕುಳಿತು ಕಾಲು ಚಾಚಲಿ.

ಹೊರಡುವವರಿಗೆ ಕೆಲವು ಸೂಚನೆಗಳು: ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಬೆಚ್ಚನೆಯ ಬಟ್ಟೆ ಮರೆಯಬೇಡಿ. ಬೇಸಿಗೆಯ ಬಿಸಿಲು ಹಿರಿಯರಿಗೆ ಕಷ್ಟ. ಕೋಟೆ ವಿಶಾಲವಾದ್ದರಿಂದ ಮೆತ್ತನೆಯ ಚಪ್ಪಲಿ, ಸಾಕಷ್ಟು ನೀರು, ಸ್ವಲ್ಪ ತಿಂಡಿ ಜೊತೆಗಿರಲಿ. ಅಷ್ಟೂರು ಮತ್ತು ನೌಬಾದ್‌ಗೆ ಆಟೋವನ್ನು ಹೋಗಿಬರಲು ಒಟ್ಟಿಗೇ ಮಾತಾಡಿಕೊಳ್ಳಿ. ಕನ್ನಡ, ದಖನಿ ಉರ್ದು ಎರಡೂ ನಡೆಯುತ್ತವೆ. ಮರಾಠಿ, ತೆಲುಗು ಕೂಡ ಕಿವಿಗೆ ಬೀಳುತ್ತವೆ. ಸ್ಮಾರಕಗಳ ಗೋಡೆಯ ಮೇಲೆ ಹೆಸರು ಗೀಚುವ ಚಟ ನಮ್ಮ ಮಕ್ಕಳಿಗೆ ಅಂಟದಿರಲಿ. ಐನೂರು ವರ್ಷ ಗಾಳಿ ಮಳೆಗೆ ನಿಂತ ಗೋಡೆಗೆ ನಮ್ಮ ಮೊಳೆಯೊಂದೇ ಸಾಕು, ಗಾಯವಾಗಲು.

ಮುಂದಿನ ರಜೆಗೆ ಟಿಕೆಟ್ ಕಾದಿರಿಸುವ ಮೊದಲು ಭೂಪಟದ ತುದಿಯತ್ತ ಒಮ್ಮೆ ಕಣ್ಣು ಹಾಯಿಸಿ. ಬೀದರ್ ನಿಮಗಾಗಿ ಎರಡು ದಿನ ಕೇಳುತ್ತದೆ, ಅಷ್ಟೇ.