ವೈಫೈ ಸಿಗದಿದ್ರೆ ನೆಂಟ್ರನ್ನ ಬೈಬ್ಯಾಡ್ರಿ

ಗೌರಿ ಹಬ್ಬಕ್ಕೆ ಹರಿಹರದಿಂದ ನಮ್ಮ ನಾದಿನಿ ಬಂದಿದ್ಲು. ಗಂಡ, ಎರಡು ಮಕ್ಕಳು, ಒಟ್ಟು ನಾಲ್ಕು ಫೋನು. ಊಟ ಆದ್ಮೇಲೆ ಮಕ್ಕಳಿಬ್ರೂ "ಅತ್ತೆ, ವೈಫೈ ಸಿಗ್ತಿಲ್ಲ" ಅಂತ ಬಂದ್ವು. ಫೋನ್ನಾಗೆ "ಐಪಿ ವಿಳಾಸ ಪಡೆಯಲಾಗುತ್ತಿದೆ" ಅಂತ ಬರ್ತಿತ್ತು, ಮುಂದಕ್ಕೆ ಹೋಗ್ತಿರ್ಲಿಲ್ಲ. ದೊಡ್ಡಾಕಿಗೆ ಸ್ಕಾಲರ್‌ಶಿಪ್ ಅರ್ಜಿ ಹಾಕೋಕೆ ಅವತ್ತೇ ಕೊನೇ ತಾರೀಖು. ನಾನು ಪಾತ್ರೆ ಎತ್ತಿಡ್ತಾ, "ಎಲ್ರೂ ಕೂತು ವಿಡಿಯೋ ನೋಡಿದ್ರೆ ನೆಟ್ ಎಲ್ಲಿ ಉಳೀತೈತೆ?" ಅಂದ್ಬಿಟ್ಟೆ.

ನಾದಿನಿ ತಿರುಗಿ ಒಂದು ಮಾತೂ ಆಡ್ಲಿಲ್ಲ. ಬಾಗಿನ ತಗಂಡು ಮೂರು ಗಂಟೆಗೇ ಬಸ್ ಸ್ಟ್ಯಾಂಡಿಗೆ ಹೊಂಟ್ಲು. ತವರಿಗೆ ಬಂದ ಹೆಣ್ಮಗಳು ಒಂದು ರಾತ್ರಿ ಉಳೀಲಿಲ್ಲ.

ಸಂಜೆ ಬೆಂಗ್ಳೂರಿಂದ ಮಗ ಫೋನ್ ಮಾಡ್ದ. ಅವನು ಹೇಳ್ದಂಗೆ 192.168.1.1 ಅಂತ ಹೊಡ್ದು ರೂಟರಿನ ಪುಟ ತೆಗೆದೆ. ಅಲ್ಲೊಂದು ಪಟ್ಟಿ ಇತ್ತು. ಯಾವ ಫೋನಿಗೆ ಯಾವ ನಂಬರು ಕೊಟ್ಟೈತೆ ಅಂತ. ಇಪ್ಪತ್ತಕ್ಕೆ ಇಪ್ಪತ್ತೂ ತುಂಬಿತ್ತು. ಅದ್ರಾಗೆ ಹನ್ನೆರಡು ನಮ್ಮ ಮಹಡಿ ಮೇಲಿನ ಕಾಲೇಜು ಹುಡ್ಗೀರವು. ಆರು ಹುಡ್ಗೀರು, ಒಬ್ಬೊಬ್ರದ್ದು ಒಂದು ಫೋನು, ಒಂದು ಲ್ಯಾಪ್‌ಟಾಪು. ಅವ್ರೆಲ್ಲ ಬೆಳಿಗ್ಗೇನೇ ಹಬ್ಬಕ್ಕೆ ಊರಿಗೆ ಹೋಗಿದ್ರು!

ಇದನ್ನ ನಾನು ಪಂಕ್ತಿ ಊಟದ ಲೆಕ್ಕದಾಗೆ ಅರ್ಥ ಮಾಡ್ಕೊಂಡೆ. ನೆಟ್ ಅಂದ್ರೆ ಅನ್ನ, ವಿಳಾಸ ಅಂದ್ರೆ ಎಲೆ. ಹಂಡೆ ತುಂಬ ಅನ್ನ ಇದ್ರೂ ಎಲೆ ಇಪ್ಪತ್ತೇ ಹಾಕಿದ್ರೆ ಇಪ್ಪತ್ತೊಂದನೇವ್ರು ನಿಂತ್ಕೋಬೇಕು. ಮನೆಗೆ ಬಂದ ಪ್ರತಿ ಫೋನಿಗೂ ರೂಟರು ಒಂದು ಎಲೆ ಹಾಕುತ್ತೆ. ಅದಕ್ಕೊಂದು ವಾಯ್ದೆ ಇರ್ತದೆ, ನಮ್ಮದ್ರಾಗೆ 24 ತಾಸು. ಅರ್ಧ ವಾಯ್ದೆ ಕಳೀತಿದ್ದಂಗೆ ಫೋನು ತಾನೇ ಕೇಳಿ ಹೊಸದು ಮಾಡ್ಕೊಳ್ತದೆ. ಮನುಷ್ಯರು ಎದ್ದು ಹೋದ್ರೂ ವಾಯ್ದೆ ಮುಗಿಯೋವರ್ಗೂ ಎಲೆ ಅವ್ರ ಹೆಸರಲ್ಲೇ ಇರ್ತದೆ. ಹುಡ್ಗೀರ ಹನ್ನೆರಡು ಖಾಲಿ ಎಲೆ ಮುಂದೆ ನನ್ನ ನಾದಿನಿ ಮಕ್ಕಳು ನಿಂತಿದ್ವು, ನಾನು ಅವಕ್ಕೇ ಬೈದಿದ್ದೆ.

ಇಪ್ಪತ್ತು ಅಂತ ಇಟ್ಟಿದ್ದು ನನ್ನ ಮಗನೇ. "ಅಷ್ಟು ಸಾಕು ಅಂದ್ಕೊಂಡಿದ್ದೆ ಅಮ್ಮ" ಅಂದ.

ಹಿಂದೊಂದ್ಸಲ ಹಿಂಗೇ ಆದಾಗ ರಿಪೇರಿಗೆ ಬಂದವ್ರು "ದೊಡ್ಡ ಸ್ವಿಚ್ ಹಾಕ್ಸಿ, ಅದೇ ವಿಳಾಸ ಕೊಡುತ್ತೆ" ಅಂದಿದ್ರು. ಅಂಥ ಸ್ವಿಚ್ ಇರೋದು ಖರೆ. ಕಾಲೇಜು, ದೊಡ್ಡ ಹಾಸ್ಟೆಲ್‌ನಲ್ಲಿ ಒಂದೊಂದು ವಿಭಾಗಕ್ಕೆ, ಒಂದೊಂದು ಮಹಡಿಗೆ ಬೇರೆ ಬೇರೆ ಪಂಕ್ತಿ ಮಾಡಿ ಕೊಡುತ್ತೆ. ನಮ್ಮ ಮೆಟ್ಟಿಲ ಕೆಳಗಿರೋ ಸಣ್ಣ ಸ್ವಿಚ್ ಬರೀ ವೈರು ಕೂಡಿಸುತ್ತೆ, ಎಲೆ ಹಾಕೋದು ರೂಟರೇ. ನಮ್ಮಂಥ ಮನೆಗೆ ಅಷ್ಟೇ ಸಾಕು. ಒಂದೇ ಪಂಕ್ತೀಲಿ ಇಬ್ರು ಲೆಕ್ಕ ಇಲ್ಲದೆ ಎಲೆ ಹಾಕೋಕೆ ನಿಂತ್ರೆ ಒಂದೇ ಜಾಗ ಇಬ್ರಿಗೆ ಹೋಗಿ ಇನ್ನೂ ರಂಪ ಆಗ್ತದೆ. ದುಡ್ಡು ಕೊಡೋಕೆ ಮುಂಚೆ ಎಲೆ ಎಣಿಸ್ರಿ ಅನ್ನೋದು ನನ್ನ ಮಾತು.

ನಾನು ಮಾಡಿದ್ದು ಇಷ್ಟು. ಮೊದ್ಲು ಇದ್ದಿದ್ದನ್ನ ಒಂದು ಫೋಟೋ ತಗಂಡೆ. ಡಿಎಚ್‌ಸಿಪಿ ಅಂತ ಇರೋ ಕಡೆ ಶುರು 192.168.1.100, ಕೊನೆ 192.168.1.119 ಅಂತಿತ್ತು. ಕೊನೆಯದನ್ನ 199 ಮಾಡ್ದೆ, ಈಗ 100 ಎಲೆ. ವಾಯ್ದೆ 2 ತಾಸು ಮಾಡ್ದೆ. ಕೆಲವು ರೂಟರು ನಿಮಿಷದಾಗೆ ಕೇಳ್ತವೆ, ಕೆಲವು ಸೆಕೆಂಡಿನಾಗೆ, ನೋಡ್ಕೊಂಡು ಬರೀರಿ. ಬಾಗಿಲ ಕ್ಯಾಮೆರಾಕ್ಕೆ ಕಾಯಂ ನಂಬರು ಕೊಟ್ಟಿದ್ರೆ ಅದು ಈ ಸಾಲಿನ ಹೊರಗಿರ್ಲಿ. ನಮ್ಮದು 50ರಲ್ಲಿ ಐತೆ.

ಇನ್ನೊಂದು ಗುರುತು ಇಟ್ಕೊಳ್ರಿ. ವೈಫೈ ಸೇರಿ ನಿಧಾನ ಆದ್ರೆ ಅನ್ನ ಕಮ್ಮಿ. ವಿಳಾಸ ಕೇಳ್ತಾನೇ ನಿಂತ್ರೆ ಎಲೆ ಕಮ್ಮಿ ಇರ್ಬೋದು. ವಿಂಡೋಸ್ ಲ್ಯಾಪ್‌ಟಾಪಲ್ಲಿ 169.254 ಅಂತ ಶುರುವಾಗೋ ನಂಬರು ಕಂಡ್ರೆ, ಅದಕ್ಕೆ ಯಾರೂ ಎಲೆ ಹಾಕಿಲ್ಲ, ತಾನೇ ನೆಲದ ಮೇಲೆ ಕೂತೈತೆ ಅಂತ ಅರ್ಥ.

"ಇದೆಲ್ಲ ನಮಗ್ಯಾಕೆ, ಹುಡುಗ್ರು ನೋಡ್ಕೊಳ್ತಾರೆ" ಅಂತ ನೀವು ಅಂತೀರಿ. ಹುಡುಗ್ರು ಬೆಂಗ್ಳೂರಾಗಿರ್ತಾರೆ, ನೆಂಟ್ರು ಬರೋದು ನಮ್ಮನೆಗೆ. ಇದೇನು ನಿನ್ನೆ ಮೊನ್ನೆ ಬಂದಿದ್ದೂ ಅಲ್ಲ. ಈ ಡಿಎಚ್‌ಸಿಪಿಗೆ ಈಗ ನಡೀತಿರೋ ನಿಯಮ ಬರೆದಿದ್ದು 1997ರಲ್ಲಿ. ನಮ್ಮ ದಾವಣಗೆರೆ ಚಿತ್ರದುರ್ಗದಿಂದ ಬೇರೆ ಜಿಲ್ಲೆ ಆಗಿದ್ದೂ ಅದೇ ವರ್ಷ. ಗ್ಯಾಸು, ಹಾಲಿನ ಲೆಕ್ಕ ಬರೆಯೋ ನೋಟ್‌ಬುಕ್ಕಿನಾಗೇ ರೂಟರಿನ ಪಾಸ್‌ವರ್ಡೂ ಬರೆದಿಡ್ರಿ. ಮನೆ ಹೆಂಗಸ್ರ ಕೈಯಾಗೆ ಅದು ಇರ್ಬೇಕು.

ಮುಂದಿನ ಭಾನುವಾರ ಹರಿಹರಕ್ಕೆ ಹೋಗಿ ನಾದಿನಿ ಹತ್ರ ತಪ್ಪಾಯ್ತು ಅಂದೆ. ಹುಡುಗಿ ಅವತ್ತು ಸಂಜೆ ಅಲ್ಲೇ ಒಂದು ಸೈಬರ್ ಅಂಗಡೀಲಿ ಅರ್ಜಿ ಹಾಕಿದ್ಲಂತೆ. ಎಲೆ ಲೆಕ್ಕ ಎಲ್ಲ ಕೇಳಿ ನಾದಿನಿ, "ಎಲೆ ಕಮ್ಮಿ ಐತೆ ಅಂದಿದ್ರೆ ಎರಡನೇ ಪಂಕ್ತಿಗೆ ಕೂರ್ತಿದ್ವಿ ಅತ್ತಿಗೆ, ಬೈಬೇಕಿತ್ತೇನು?" ಅಂದ್ಲು. ನನ್ಹತ್ರ ಉತ್ತರ ಇರ್ಲಿಲ್ಲ.

ದೀಪಾವಳಿಗೆ ಬರ್ತೀನಿ ಅಂದಾಳೆ. ನಿಮ್ಮನೆಗೂ ಬರೋರು ಬರ್ತಾರೆ. ಅಷ್ಟರಾಗೆ ಒಂದ್ಸಲ ಎಣಿಸಿಟ್ಕೊಳ್ರಿ.